ಬೆಲ್ಲದ ನೀರಲ್ಲಿ ವ್ಯಾಮ್ ಬೆಳೆಯಲ್ಲ

ಪ್ರಶ್ನೆ: ಒಂದು ಕೆಜಿ ವ್ಯಾಮ್ (ಮೈಕೊರೈಜಾ ಎಂಬ ಬೇರಿನ ಶಿಲೀಂಧ್ರ) ತಂದು 200 ಲೀಟರ್ ಡ್ರಮ್ಮಿನ ಬೆಲ್ಲದ ನೀರಿಗೆ ಹಾಕಿದರೆ ಹತ್ತು ಪಟ್ಟು ಆಗುತ್ತದೆ ಅಂತ ಮಾರುವವರು ಹೇಳಿದರು. ಎಷ್ಟು ದಿನ ಇಡಬೇಕು?

ಉತ್ತರ: ಒಂದು ದಿನವೂ ಬೇಡ. ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ಬಿಟ್ಟಿದ್ದೇನೆ. ಬೆಲ್ಲದ ನೀರಲ್ಲಿ ಬೆಳೆಯುವ ಟ್ರೈಕೋಡರ್ಮಾ ಶಿಲೀಂಧ್ರ ಬೇರೆ, ಇದು ಬೇರೆ. ವ್ಯಾಮ್ ಬದುಕುವುದು ಜೀವಂತ ಬೇರಿನ ಆಸರೆಯಲ್ಲಿ ಮಾತ್ರ. ಅದಕ್ಕೆ ಬೇಕಾದ ಸಕ್ಕರೆ, ಕೊಬ್ಬನ್ನು ಗಿಡವೇ ಕೊಡಬೇಕು. ಬದಲಿಗೆ ಬೇರಿನ ರೋಮಕ್ಕೆ ಎಟುಕದ ರಂಜಕವನ್ನು ಅದು ಗಿಡಕ್ಕೆ ತಂದುಕೊಡುತ್ತದೆ. ಡ್ರಮ್ಮಿನ ಮೇಲೆ ಕಟ್ಟುವ ಬಿಳಿ ಕೆನೆ ಯಾವುದೋ ಯೀಸ್ಟು, ಬೂಷ್ಟು. ಅದನ್ನು ತೋರಿಸಿ ದುಡ್ಡು ಕೀಳುವವರಿಗೆ ನಾಚಿಕೆಯಾಗಬೇಕು.

ಹೆಚ್ಚಿಸಲೇಬೇಕು ಅಂದರೆ ಹುಲ್ಲು ಬೆಳೆಸಿ. 1988ರಲ್ಲೇ ವಿಜ್ಞಾನಿಗಳಾದ ಎಂ.ಎನ್. ಶ್ರೀನಿವಾಸ ಮತ್ತು ಡಿ.ಜೆ. ಬಾಗ್ಯರಾಜ್ ರೋಡ್ಸ್ ಹುಲ್ಲು ಇದಕ್ಕೆ ಒಳ್ಳೆಯ ಆಸರೆ ಅಂತ ತೋರಿಸಿದ್ದರು. ಗಿನಿ ಹುಲ್ಲೂ ಆಗುತ್ತದೆ. ಕಾರಣ ಸರಳ: ಹುಲ್ಲಿಗೆ ಜಡೆಯಂಥ ದಟ್ಟ ಬೇರು. ತೊಟ್ಟಿಯಲ್ಲಿ ಮರಳು ಬೆರೆಸಿದ ಮಣ್ಣು ತುಂಬಿ, ನಂಬಿಕಸ್ಥ ಕಡೆಯಿಂದ ತಂದ ವ್ಯಾಮ್ ಅನ್ನು ಬೀಜದ ಕೆಳಗೇ ಹಾಕಿ ಬಿತ್ತಿ. ರಂಜಕದ ಗೊಬ್ಬರ ಡಿಎಪಿ ಮುಟ್ಟಿಸಬೇಡಿ. ರಂಜಕ ಸುಲಭವಾಗಿ ಸಿಕ್ಕರೆ ಗಿಡ ಶಿಲೀಂಧ್ರಕ್ಕೆ ಯಾಕೆ ಊಟ ಹಾಕುತ್ತೆ? ಮೂರು ತಿಂಗಳು ಬಿಟ್ಟು ನೀರು ನಿಲ್ಲಿಸಿ, ಹತ್ತು ದಿನ ಒಣಗಲು ಬಿಡಿ. ಮೇಲಿನ ಹುಲ್ಲು ದನಕ್ಕೆ. ಕೆಳಗಿನ ಬೇರನ್ನು ಕೊಚ್ಚಿ ಮಣ್ಣಿನ ಸಮೇತ ನೆರಳಲ್ಲಿ ಆರಿಸಿದರೆ ಅದೇ ನಿಮ್ಮ ವ್ಯಾಮ್. ಸಸಿ ಮಡಿಗೆ ಹಾಕಿದರೆ ಸ್ವಲ್ಪದರಲ್ಲೇ ಸಾಲುತ್ತದೆ. ಎಕರೆಗಟ್ಟಲೆ ಹೊಲಕ್ಕೆ ಸುಮ್ನೆ ಎರಚುವುದು ದಂಡ.

ಬದುವಿನ ಗರಿಕೆ ಬೇರಲ್ಲೂ ವ್ಯಾಮ್ ಇರುತ್ತದೆ, ಆ ಮಣ್ಣು ಸಾಕಲ್ವಾ ಅಂತಲೂ ಕೆಲವರು ಕೇಳಿದ್ದೀರಿ. ಇರುತ್ತದೆ, ನಿಜ. ಜೊತೆಗೆ ಬೇರುಗಂಟು ಹುಳು, ಸೊರಗು ರೋಗವೂ ಇರಬಹುದು. ನಾನು ಒಮ್ಮೆ ಹಾಗೆ ಮಾಡಿ ಒಂದು ಮಡಿ ಮೆಣಸಿನ ಸಸಿ ಕಳೆದುಕೊಂಡಿದ್ದೇನೆ. ಬದುವಿನ ಗರಿಕೆ ಬದುವಿನಲ್ಲೇ ಇರಲಿ. ಕಳೆನಾಶಕ ಹೊಡೆದು ಅದನ್ನು ಸುಡಬೇಡಿ, ಅಷ್ಟೇ.

ಪ್ರಶ್ನೆ: ಎಲೆಗೆ ಸಿಂಪಡಿಸಬಹುದೇ?

ಉತ್ತರ: ಎಲೆಯಲ್ಲಿ ಬೇರಿದೆಯೇ?

ಪ್ರಶ್ನೆ: ಎಲೆಕೋಸಿಗೆ ಎಷ್ಟು ಹಾಕಬೇಕು?

ಉತ್ತರ: ಸೊನ್ನೆ. ಎಲೆಕೋಸು, ಹೂಕೋಸು, ಸಾಸಿವೆ, ಬೀಟ್‌ರೂಟ್ ಇದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಪ್ರಶ್ನೆ: ವ್ಯಾಮ್ ಹಾಕಿ ತಿಂಗಳಾಯಿತು. ಕಿತ್ತು ನೋಡಿದರೆ ಬೇರಲ್ಲಿ ಏನೂ ಕಾಣುತ್ತಿಲ್ಲ.

ಉತ್ತರ: ಬರಿಗಣ್ಣಿಗೆ ಕಾಣಲ್ಲ. ಬೇರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ದಿನಾ ಗಿಡ ಕೀಳುವುದನ್ನು ಮೊದಲು ನಿಲ್ಲಿಸಿ.