ನೀವು ಕೇಳಿದಿರಿ: ತೋಟದ ಸೆನ್ಸರಿಗೆ ವೈಫೈ ಕಾಟ

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆಯುವ 12 ಜಿಗ್‌ಬೀ (ವೈಫೈ ಇರುವ 2.4 ಗಿಗಾಹರ್ಟ್ಸ್‌ನಲ್ಲೇ ಮಾತಾಡುವ ಸಣ್ಣ ರೇಡಿಯೊ) ಸೆನ್ಸರ್‌ಗಳಿವೆ. ಹಗಲು ಎಲ್ಲವೂ ಸರಿ. ಸಂಜೆ 7ರ ಮೇಲೆ ಮೂರ್ನಾಲ್ಕು ಸೆನ್ಸರ್‌ಗಳ ಸುದ್ದಿಯೇ ಇರುವುದಿಲ್ಲ. ಸಿಗ್ನಲ್ ಮಾತ್ರ ಚೆನ್ನಾಗಿದೆ ಎಂದೇ ತೋರಿಸುತ್ತದೆ. ಪಕ್ಕದ ಹೋಂಸ್ಟೇಯವರು ಹೊಸ ವೈಫೈ ಹಾಕಿಸಿದ್ದಾರೆ. ಕಾಟ ಅದರದ್ದೇ ಎಂದು ಪರೀಕ್ಷಿಸುವುದು ಹೇಗೆ?
– ಓದುಗರು, ತೀರ್ಥಹಳ್ಳಿ ತಾಲೂಕು

ಉತ್ತರ: ಮೊದಲು ಆ ಸಿಗ್ನಲ್ ಅಂಕಿಯನ್ನು ನಂಬುವುದು ಬಿಡಿ. ಬಂದು ಮುಟ್ಟಿದ ಪ್ಯಾಕೆಟ್ಟಿಗೆ (ಸೆನ್ಸರ್ ಕಳಿಸುವ ಒಂದೊಂದು ಸಣ್ಣ ಸಂದೇಶಕ್ಕೆ) ಮಾತ್ರ ಅಂಕಿ ಸಿಗುತ್ತದೆ. ದಾರಿಯಲ್ಲೇ ಹಾಳಾದದ್ದಕ್ಕೆ ಅಂಕಿಯೇ ಇಲ್ಲ. ಉಳಿದವರನ್ನಷ್ಟೇ ಎಣಿಸಿದರೆ ಎಲ್ಲರೂ ಗಟ್ಟಿಗರೇ. ಎಣಿಸಬೇಕಾದ್ದು ನಷ್ಟವನ್ನು.

ಅಂಗಡಿಯಿಂದ ತಂದ ಸೆನ್ಸರಿನೊಳಗೆ ಕೈಯಾಡಿಸಲು ಬರುವುದಿಲ್ಲ. ನಾವೇ ಪ್ರೋಗ್ರಾಂ ಬರೆಯಬಹುದಾದ, ಜಿಗ್‌ಬೀ ರೇಡಿಯೊ ಇರುವ ಎನ್‌ಆರ್‌ಎಫ್52840 ಅಥವಾ ಇಎಸ್‌ಪಿ32-ಸಿ6 ಬೋರ್ಡ್ ಮೂರು ತನ್ನಿ. ಒಂದು ಮೌನವಾಗುವ ಸೆನ್ಸರಿನ ಪಕ್ಕಕ್ಕೆ, ಒಂದು ಗೇಟ್‌ವೇ (ಸೆನ್ಸರುಗಳ ಸುದ್ದಿ ಕೂಡಿಸಿಕೊಳ್ಳುವ ಪೆಟ್ಟಿಗೆ) ಪಕ್ಕಕ್ಕೆ, ಇನ್ನೊಂದು ಸುಮ್ಮನೆ ಕಿವಿಗೊಟ್ಟು ಕೂರಲು. ಮೊದಲನೆಯದರಿಂದ ಎರಡನೆಯದಕ್ಕೆ ಸೆಕೆಂಡಿಗೊಂದರಂತೆ ಕ್ರಮಸಂಖ್ಯೆ ಹಾಕಿದ ಪ್ಯಾಕೆಟ್ ಕಳಿಸಿ. ಮುಟ್ಟದಿದ್ದರೆ ಮತ್ತೆ ಕಳಿಸುವ ಏರ್ಪಾಟನ್ನು 0 ಮಾಡಿ. ಸಾಮಾನ್ಯವಾಗಿ ಅದು 3 ಇರುತ್ತದೆ. ಹಾಗೇ ಬಿಟ್ಟರೆ ನಾಲ್ಕೂ ಸಲ ಸೋತ ಮೇಲಷ್ಟೇ ನಷ್ಟ ಕಣ್ಣಿಗೆ ಬೀಳುತ್ತದೆ. ಒಂದು ಸುತ್ತಿಗೆ 1000 ಪ್ಯಾಕೆಟ್, ಅಂದರೆ ಸುಮಾರು 17 ನಿಮಿಷ. ಬರೀ 100 ಕಳಿಸಿ 10 ಕಳೆದುಹೋದರೆ ನಿಜವಾದ ನಷ್ಟ ಶೇ. 5ರಿಂದ 17ರವರೆಗೆ ಎಲ್ಲಿ ಬೇಕಾದರೂ ಇದ್ದೀತು. 1000ಕ್ಕೆ 100 ಹೋದರೆ ಶೇ. 8ರಿಂದ 12ರೊಳಗೆ ನಿಲ್ಲುತ್ತದೆ.

ಕಳಿಸುವ ಬೋರ್ಡಿನಲ್ಲಿ ಎರಡು ಲೆಕ್ಕ ಬೇರೆಬೇರೆ ಇಡಿ: ಚಾನೆಲ್ ಗದ್ದಲವಾಗಿದೆ ಎಂದು ಕಳಿಸದೇ ಬಿಟ್ಟದ್ದೆಷ್ಟು, ಕಳಿಸಿಯೂ ಉತ್ತರ ಬಾರದ್ದೆಷ್ಟು. ಇಡೀ ಪರೀಕ್ಷೆಯ ತಿರುಳು ಇದೇ. ಮೊದಲನೆಯದು ಏರಿದರೆ ಗದ್ದಲ ಸೆನ್ಸರಿನ ಬಳಿಯೇ ಇದೆ, ಹೋಂಸ್ಟೇ ಬೇಲಿಯ ಪಕ್ಕದವಕ್ಕೆ ಹೀಗಾಗುತ್ತದೆ. ಎರಡನೆಯದು ಮಾತ್ರ ಏರಿದರೆ ಗದ್ದಲ ಗೇಟ್‌ವೇ ಹತ್ತಿರ, ಸೆನ್ಸರಿಗೆ ಅದು ಕೇಳಿಸುತ್ತಲೇ ಇಲ್ಲ. ಆಗ ಪಕ್ಕದವರನ್ನು ಬೈಯುವ ಮೊದಲು ನಿಮ್ಮದೇ ಮನೆ ನೋಡಿಕೊಳ್ಳಿ. ಗೇಟ್‌ವೇಯ ಜಿಗ್‌ಬೀ ಡಾಂಗಲನ್ನು (ಯುಎಸ್‌ಬಿಗೆ ಚುಚ್ಚುವ ರೇಡಿಯೊ ಕಡ್ಡಿಯನ್ನು) ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿದ್ದರೆ ಆ ಪೋರ್ಟ್, ಅದಕ್ಕೆ ಹಾಕಿದ ಹಾರ್ಡ್ ಡಿಸ್ಕ್ ಎರಡೂ 2.4 ಗಿಗಾಹರ್ಟ್ಸ್‌ನಲ್ಲಿ ಗಲಾಟೆ ಎಬ್ಬಿಸುತ್ತವೆ. ಒಂದು ಮೀಟರ್ ಯುಎಸ್‌ಬಿ 2 ಎಕ್ಸ್‌ಟೆನ್ಷನ್ ವೈರ್ ಹಾಕಿ ದೂರ ಇಟ್ಟರೆ ಅರ್ಧ ದೂರು ಅಲ್ಲೇ ಮುಗಿದಿರುತ್ತದೆ.

ಮೂರನೆಯ ಬೋರ್ಡ್ ಜಿಗ್‌ಬೀಯ 11ರಿಂದ 26ರವರೆಗಿನ ಒಂದೊಂದು ಚಾನೆಲ್ಲಿನಲ್ಲೂ ಎರಡೆರಡು ನಿಮಿಷ ಖಾಲಿ ಗಾಳಿಯ ಸದ್ದು ಅಳೆಯಲಿ. ಮಧ್ಯಾಹ್ನ ಒಮ್ಮೆ, ರಾತ್ರಿ 8ಕ್ಕೆ ಒಮ್ಮೆ. ಸರಾಸರಿ ತೆಗೆಯಬೇಡಿ. ವೈಫೈ ಪ್ಯಾಕೆಟ್ ಮಿಲಿಸೆಕೆಂಡಿನೊಳಗೆ ಬಂದು ಹೋಗುವಂಥದ್ದು, ಸರಾಸರಿಯಲ್ಲಿ ಕರಗಿಬಿಡುತ್ತದೆ. ನೂರರಲ್ಲಿ ಎಷ್ಟು ಸಲ -80 ಡಿಬಿಎಂ (ಸಿಗ್ನಲ್ ಬಲದ ಅಳತೆ) ದಾಟಿತು ಎಂಬುದನ್ನು ಬರೆದುಕೊಳ್ಳಿ.

ಇನ್ನು ಕಾಟವನ್ನು ನೀವೇ ಕೊಟ್ಟು ನೋಡುವುದು. ನಿಮ್ಮ ರೂಟರನ್ನು ವೈಫೈ ಚಾನೆಲ್ 1, ಅಗಲ 20 ಮೆಗಾಹರ್ಟ್ಸ್ ಎಂದು ಕಟ್ಟಿಹಾಕಿ, 'ಆಟೋ' ಬೇಡ. ಬೋರ್ಡ್‌ಗಳು ಜಿಗ್‌ಬೀ ಚಾನೆಲ್ 12ರಲ್ಲಿರಲಿ. ಅದರ 2410 ಮೆಗಾಹರ್ಟ್ಸ್ ವೈಫೈ 1ರ ಹೊಟ್ಟೆಯೊಳಗೇ ಬೀಳುತ್ತದೆ. ರೂಟರ್ ಆನ್ ಮಾಡಿಟ್ಟರಷ್ಟೇ ಸಾಲದು. ಕೆಲಸವಿಲ್ಲದ ರೂಟರ್ ಸೆಕೆಂಡಿಗೆ ಸುಮಾರು ಹತ್ತು ಸಲ ತನ್ನ ಹೆಸರು ಕೂಗಿ ಸುಮ್ಮನಾಗುತ್ತದೆ. ಎರಡು ಲ್ಯಾಪ್‌ಟಾಪ್ ನಡುವೆ ಐಪರ್ಫ್ ಎಂಬ ನೆಟ್‌ವರ್ಕ್ ಪರೀಕ್ಷಾ ಪ್ರೋಗ್ರಾಮಿನಿಂದ 1, 5, 20 ಎಂಬಿಪಿಎಸ್ ಯುಡಿಪಿ (ಉತ್ತರಕ್ಕೆ ಕಾಯದೆ ಸುರಿಯುವ ಡೇಟಾ) ಹರಿಸಿ. ರೂಟರನ್ನು ಗೇಟ್‌ವೇಯಿಂದ 1, 3, 10 ಮೀಟರ್ ದೂರದಲ್ಲಿಡಿ. ಒಂದು ಸುತ್ತು ಕಾಟ, ಒಂದು ಸುತ್ತು ನಿಶ್ಶಬ್ದ, ಹೀಗೆ ಮೂರು ಸಲ ಅದಲುಬದಲು ಮಾಡಿ. ಬೆಳಗ್ಗೆ ಒಂದು, ಸಂಜೆ ಇನ್ನೊಂದು ಮಾಡಿದರೆ ನಡುವೆ ಮಳೆ ಬಂದು ಸೋಗೆ ಒದ್ದೆಯಾಗಿ ಸಿಗ್ನಲ್ಲೇ ಕುಗ್ಗಿರುತ್ತದೆ, ದೂರು ವೈಫೈ ಮೇಲೆ ಬೀಳುತ್ತದೆ.

ಕಾಟ ಖಚಿತವಾದರೆ ಜಿಗ್‌ಬೀ ಚಾನೆಲ್ 25 ಅಥವಾ 26ಕ್ಕೆ ಹೋಗಿ. ವೈಫೈ 1, 6, 11 ಮೂರಕ್ಕೂ ಅವು ಹೊರಗೆ. 26ರಲ್ಲಿ ಕೆಲವು ಸಾಧನಗಳು ಶಕ್ತಿ ಕಡಿಮೆ ಮಾಡಿಕೊಳ್ಳುತ್ತವೆ, ಅಳೆದೇ ನೆಚ್ಚಿ. ಜಿಗ್‌ಬೀಯ 15, 20 ಈ ವೈಫೈ ಚಾನೆಲ್‌ಗಳ ನಡುವಿನ ಸಂದಿಯಲ್ಲಿವೆ. ಹೋಂಸ್ಟೇಯವರ ರೂಟರಿನ ಅಗಲ 40 ಮೆಗಾಹರ್ಟ್ಸ್ ಇದ್ದರೆ ಆ ಸಂದಿಯನ್ನೂ ನುಂಗೀತು. 20 ಮೆಗಾಹರ್ಟ್ಸ್ ಮಾಡಿಕೊಳ್ಳಿ ಎಂದು ಕೇಳಿ, ಅವರಿಗೇನೂ ಖರ್ಚಿಲ್ಲ.

ಪ್ರಶ್ನೆ: ಪರೀಕ್ಷೆಗೆ ಆನ್‌ಲೈನ್‌ನಲ್ಲಿ ಸಿಗುವ ಜಾಮರ್ (ಸಿಗ್ನಲ್ ಅಡಗಿಸುವ ಸಾಧನ) ತರಿಸಬಹುದೆ?
– ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಬೇಡ. ಖಾಸಗಿಯವರು ಜಾಮರ್ ಬಳಸುವುದು ಕಾನೂನುಬಾಹಿರ. ಪರೀಕ್ಷೆಗೂ ಅದು ಒದಗುವುದಿಲ್ಲ. ಎಲ್ಲವನ್ನೂ ಒಮ್ಮೆಗೇ ಮುಚ್ಚಿಹಾಕಿದರೆ ಕಲಿಯುವುದೇನು? ಮೇಜಿನ ಮೇಲೆ ಎರಡು ಬೋರ್ಡನ್ನು ಕೇಬಲ್ಲಿನಿಂದ ಜೋಡಿಸಿ, ನಡುವೆ 30 ಡಿಬಿಯ ಎರಡು ಅಟೆನ್ಯುಯೇಟರ್ (ಸಿಗ್ನಲ್ ಕುಗ್ಗಿಸುವ ತುಂಡು) ಹಾಕಿ. 0 ಡಿಬಿಎಂ ಹೊರಟದ್ದು ಸುಮಾರು -60ಕ್ಕೆ ಮುಟ್ಟುತ್ತದೆ. ಮೂರನೆಯ ಬೋರ್ಡಿನ ಕಾಟವನ್ನು ಕಂಬೈನರ್ (ಎರಡು ಸಿಗ್ನಲ್ ಕೂಡಿಸುವ ತುಂಡು) ಮೂಲಕ ಅಳತೆಮಾಡಿ ಬೆರೆಸಿ: 10 ಮಿಲಿಸೆಕೆಂಡ್ ಕೂಗು, 10 ಮೌನ ಎಂದಿಟ್ಟರೆ 50 ಹರ್ಟ್ಸ್ ಕರೆಂಟಿನ ಮೈಕ್ರೋವೇವ್ ಓವನ್ನಿನ ನಕಲು ಆಯಿತು.

ಪ್ರಶ್ನೆ: ಲೋರಾಕ್ಕೆ (ನಿಧಾನವಾಗಿ, ಬಹುದೂರ ಮುಟ್ಟುವ ಇನ್ನೊಂದು ರೇಡಿಯೊಗೆ) ಹೋದರೆ ಈ ತಲೆನೋವು ಇಲ್ಲವಲ್ಲ?
– ಕೃಷಿಕರು, ಹೊಸನಗರ

ಉತ್ತರ: ವೈಫೈ ಕಾಟ ತಪ್ಪುತ್ತದೆ, ನಮ್ಮಲ್ಲಿ ಲೋರಾ ಇರುವುದು 865ರಿಂದ 868 ಮೆಗಾಹರ್ಟ್ಸ್‌ನಲ್ಲಿ. ಆದರೆ ನಿಮ್ಮ ಸೆನ್ಸರುಗಳೇ ಒಂದಕ್ಕೊಂದು ಅಡ್ಡ ಬರುತ್ತವೆ. ಎಸ್‌ಎಫ್ 12ರಲ್ಲಿ (ಲೋರಾದ ಅತಿ ನಿಧಾನದ, ಅತಿ ದೂರದ ಸೆಟ್ಟಿಂಗ್) ಒಂದು ಸಣ್ಣ ಸಂದೇಶಕ್ಕೂ ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಕು. ಎಲ್ಲವೂ ಗಂಟೆ ಹೊಡೆದಾಗ ಒಟ್ಟಿಗೇ ಎದ್ದರೆ ಡಿಕ್ಕಿ. ಪ್ರತಿ ಸಲ ಕಳಿಸುವ ಮೊದಲು 0ರಿಂದ 60 ಸೆಕೆಂಡಿನೊಳಗೆ ಮನಬಂದಷ್ಟು ಕಾಯುವ ಸಾಲೊಂದನ್ನು ಪ್ರೋಗ್ರಾಮಿಗೆ ಸೇರಿಸಿ, ಆಮೇಲೆ ಕ್ರಮಸಂಖ್ಯೆಯ ಲೆಕ್ಕ ತೆಗೆಯಿರಿ.