ಎಡಿಟಿಂಗ್ ಕಂಪ್ಯೂಟರ್ ಕೊಳ್ಳುವ ಮುಂಚೆ ಆ 'ಎಫ್' ಅಕ್ಷರ ನೋಡಿ

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ರಜೆ ದಿನಗಳಲ್ಲಿ ಒಂದು ಫೋಟೋ ಸ್ಟುಡಿಯೋದವರ ಜೊತೆ ಮದುವೆಗಳಿಗೆ ಹೋಗುತ್ತೇನೆ, ಪ್ರೀಮಿಯರ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಕಲಿತಿದ್ದೂ ಅಲ್ಲೇ. ಕೂಡಿಟ್ಟ ದುಡ್ಡು ಮತ್ತು ಅಪ್ಪ ಕೊಡುವುದು ಸೇರಿ 50 ಸಾವಿರ ಆಗುತ್ತೆ. ಅಂಗಡಿಯವರು ಕೊಟೇಶನ್ ಕೊಟ್ಟಿದ್ದಾರೆ: ಐ3-10105ಎಫ್ ಪ್ರೊಸೆಸರ್, 8 ಜಿಬಿ ರ‍್ಯಾಮ್, 2 ಜಿಬಿಯ ಜಿಟಿ 730 ಗ್ರಾಫಿಕ್ಸ್ ಕಾರ್ಡ್, 256 ಜಿಬಿ ಎಸ್‌ಎಸ್‌ಡಿ, ಲೈಟ್ ಇರುವ ಗ್ಲಾಸ್ ಕ್ಯಾಬಿನೆಟ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ) ಸಮೇತ, 24 ಇಂಚಿನ ಮಾನಿಟರ್. ನಾನು ಫೋನಿನಲ್ಲಿ 4ಕೆ ತೆಗೆಯುತ್ತೇನೆ. ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಟೈಮ್‌ಲೈನ್‌ಗೆ ಹಾಕಿದರೆ ನಿಂತು ನಿಂತು ಓಡುತ್ತೆ. ಈ ಸಿಸ್ಟಮ್‌ನಲ್ಲಿ ಸಲೀಸಾಗಿ ಓಡುತ್ತಾ? ಗ್ರಾಫಿಕ್ಸ್ ಕಾರ್ಡ್ 4 ಜಿಬಿಯದು ಹಾಕಿಸಲಾ?
— ಒಬ್ಬ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಉತ್ತರ: ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಟ್ಟಿಲ್ಲ ಅಂದರೆ ಕೊಡಬೇಡಿ. ಈ ಸಿಸ್ಟಮ್ ಕೊಂಡರೆ ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಆದದ್ದೇ ಇದರಲ್ಲೂ ಆಗುತ್ತೆ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದು ತಿಳಿದರೆ ಯಾವ ಅಂಗಡಿಗೆ ಹೋದರೂ ನೀವೇ ಲೆಕ್ಕ ಹಾಕಬಹುದು.

ಈಗಿನ ಫೋನುಗಳು 4ಕೆ ವಿಡಿಯೋವನ್ನು ಸಾಮಾನ್ಯವಾಗಿ ಎಚ್‌ಇವಿಸಿ ಅನ್ನುವ ವಿಧಾನದಲ್ಲಿ ಕುಗ್ಗಿಸಿ ಇಡುತ್ತವೆ. ಅದಕ್ಕೇ ಎಚ್.265 ಅಂತಲೂ ಹೆಸರು. ಕಿರಾಣಿ ಅಂಗಡಿಯ ಖಾತೆ ಪುಸ್ತಕ ನೋಡಿದ್ದೀರಲ್ವಾ? ತಿಂಗಳ ಮೊದಲ ದಿನ ಹಳೆ ಬಾಕಿ ಪೂರ್ತಿ ಬರೆದಿರುತ್ತಾರೆ, ಆಮೇಲೆ ದಿನಾ ತಗೊಂಡದ್ದು, ಕೊಟ್ಟದ್ದು ಮಾತ್ರ. ಹದಿನೇಳನೇ ತಾರೀಖು ಎಷ್ಟು ಬಾಕಿ ಇತ್ತು ಅಂತ ಕೇಳಿದರೆ ಮೊದಲಿನಿಂದ ಕೂಡಿಸುತ್ತಾ ಬರಬೇಕು. ವಿಡಿಯೋ ಫೈಲ್ ಕೂಡ ಹಾಗೇ: ಒಂದು ಚಿತ್ರ ಪೂರ್ತಿ ಇರುತ್ತೆ, ಮುಂದಿನವುಗಳಲ್ಲಿ ಏನು ಬದಲಾಯಿತೋ ಅಷ್ಟೇ. ಸುಮ್ನೆ ಪ್ಲೇ ಮಾಡಿ ನೋಡುವಾಗ ಇದು ಕಷ್ಟವಲ್ಲ. ಎಡಿಟಿಂಗ್‌ನಲ್ಲಿ ಮಾತ್ರ ನೀವು ಮಧ್ಯಕ್ಕೆ ಹಾರುತ್ತೀರಿ, ಹಿಂದಕ್ಕೆ ಎಳೆಯುತ್ತೀರಿ, ಮೂರು ಕ್ಲಿಪ್ ಒಂದರ ಮೇಲೊಂದು ಇಡುತ್ತೀರಿ. ಪ್ರತಿ ಸಲವೂ ಕಂಪ್ಯೂಟರ್ ಲೆಕ್ಕವನ್ನು ಮೊದಲಿನಿಂದ ಕೂಡಿಸಬೇಕು.

ಈ ಕೆಲಸಕ್ಕೆ ಅಂತಲೇ ಚಿಪ್‌ನೊಳಗೆ ಒಂದು ಪ್ರತ್ಯೇಕ ಭಾಗ ಇರುತ್ತೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಅದರ ಹೆಸರು ಕ್ವಿಕ್ ಸಿಂಕ್, ಅದು ಕೂತಿರುವುದು ಪ್ರೊಸೆಸರ್ ಜೊತೆಗೇ ಬರುವ ಗ್ರಾಫಿಕ್ಸ್ ಒಳಗೆ. ಪ್ರೀಮಿಯರ್ ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತೆ. ಈಗ ನಿಮ್ಮ ಕೊಟೇಶನ್ ನೋಡಿ. 10105ಎಫ್. ಆ ಕೊನೆಯ 'ಎಫ್' ಅಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತ, ಅಂದರೆ ಕ್ವಿಕ್ ಸಿಂಕ್ ಕೂಡ ಇಲ್ಲ. ಅದಕ್ಕೇ ಪರದೆ ಬರಿಸಲು ಜಿಟಿ 730 ಸೇರಿಸಿದ್ದಾರೆ. ಆ ಕಾರ್ಡ್ ಬಂದದ್ದು 2014ರಲ್ಲಿ, ಎಚ್‌ಇವಿಸಿ ಬಿಡಿಸುವ ಭಾಗವೇ ಅದರಲ್ಲಿ ಇಲ್ಲ. ಹಾಗಾಗಿ ಪೂರ್ತಿ ಹೊರೆ ಪ್ರೊಸೆಸರ್‌ನ ನಾಲ್ಕು ಕೋರ್‌ಗಳ ತಲೆ ಮೇಲೆ ಬೀಳುತ್ತೆ. ಅದೇ ಪ್ರೊಸೆಸರ್ ಎಫ್ ಇಲ್ಲದ್ದು ತಗೊಂಡು ಕಾರ್ಡ್ ಬಿಟ್ಟುಬಿಟ್ಟಿದ್ದರೆ ನಿಮ್ಮ ಫೋನಿನ ವಿಡಿಯೋ ಇದಕ್ಕಿಂತ ಚೆನ್ನಾಗಿ ಓಡುತ್ತಿತ್ತು! ಹಳೆಯ ಕಾರ್ಡ್‌ಗೆ 2 ಜಿಬಿ ಬದಲು 4 ಜಿಬಿ ಹಾಕಿದರೂ ಇಲ್ಲದ ಭಾಗ ಬರುವುದಿಲ್ಲ. ಅಂಗಡಿಯವರು ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ, ಹೆಚ್ಚಿನ ಹುಡುಗರು ಗೇಮ್‌ಗೆ ಅಂತ ಕೇಳುತ್ತಾರೆ, 'ಗ್ರಾಫಿಕ್ಸ್ ಕಾರ್ಡ್ ಇದೆಯಾ' ಅನ್ನುವುದೇ ಮೊದಲ ಪ್ರಶ್ನೆ ಆಗಿರುತ್ತೆ, ಅವರೂ ಅದಕ್ಕೆ ತಕ್ಕಂತೆ ಪಟ್ಟಿ ಬರೆಯುತ್ತಾರೆ.

ನನ್ನ ಸಲಹೆ ಇದು. ಇಂಟೆಲ್ ಐ5-12400 ಕೇಳಿ, ಎಫ್ ಇಲ್ಲದ್ದು. ಆರು ಕೋರ್, ಒಳಗಿನ ಗ್ರಾಫಿಕ್ಸ್ ಯುಎಚ್‌ಡಿ 730. ಇದು ಫೋನಿನ ಎಚ್‌ಇವಿಸಿಯನ್ನು ಮಾತ್ರ ಅಲ್ಲ, ಕೆಲವು ಸೋನಿ ಕ್ಯಾಮೆರಾಗಳು ಕೊಡುವ, ಬಣ್ಣದ ವಿವರ ಜಾಸ್ತಿ ಇರುವ 10 ಬಿಟ್ 4:2:2 ಎಚ್‌ಇವಿಸಿಯನ್ನೂ ಬಿಡಿಸುತ್ತೆ. ದುಬಾರಿ ಎನ್ವಿಡಿಯಾ ಕಾರ್ಡ್‌ಗಳಿಗೂ 50 ಸರಣಿ ಬರುವವರೆಗೆ ಇದು ಆಗುತ್ತಿರಲಿಲ್ಲ. ಸ್ಟುಡಿಯೋದವರ ಕ್ಯಾಮೆರಾ ಫೈಲು ನಾಳೆ ನಿಮ್ಮ ಕೈಗೆ ಬಂದರೆ ಬೆಲೆ ಗೊತ್ತಾಗುತ್ತೆ. ಗ್ರಾಫಿಕ್ಸ್ ಕಾರ್ಡ್ ಈಗ ಬೇಡವೇ ಬೇಡ. ಬಣ್ಣದ ಕೆಲಸ, ನಾಯ್ಸ್ ತೆಗೆಯುವುದು, ಮೋಷನ್ ಗ್ರಾಫಿಕ್ಸ್ ಜಾಸ್ತಿಯಾದಾಗ ಅದು ಬೇಕಾಗುತ್ತೆ, ಆಗ ದುಡಿದು ತಗೊಳ್ಳಿ. ಆಗ ಒಂದು ನೆನಪಿಡಿ: ಕಾರ್ಡ್ ಹಾಕಿದ ತಕ್ಷಣ ಎಷ್ಟೋ ಮದರ್‌ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸ್ ಆಫ್ ಮಾಡುತ್ತವೆ, ಬಯಾಸ್‌ಗೆ (ಬೋರ್ಡ್‌ನ ಸೆಟಿಂಗ್ಸ್ ಪರದೆಗೆ) ಹೋಗಿ ಅದನ್ನು ಮತ್ತೆ ಆನ್ ಮಾಡಬೇಕು.

ರ‍್ಯಾಮ್ 16 ಜಿಬಿಗಿಂತ ಕಡಿಮೆ ಬೇಡ. ಇಲ್ಲಿ ಒಂದು ಇಕ್ಕಟ್ಟು ಇದೆ. 8ರ ಎರಡು ಕಡ್ಡಿ ಹಾಕಿದರೆ ಒಳಗಿನ ಗ್ರಾಫಿಕ್ಸ್ ಚುರುಕಾಗುತ್ತೆ, ಆದರೆ ಎಚ್610 ಮಾದರಿಯ ಬೋರ್ಡ್‌ಗಳಲ್ಲಿ ಕಡ್ಡಿ ಕೂರುವ ಸ್ಲಾಟ್ ಎರಡೇ, ಮುಂದೆ ಹೆಚ್ಚಿಸಬೇಕು ಅಂದರೆ ಹಳೇವು ತೆಗೆದಿಡಬೇಕು. ನಾಲ್ಕು ಸ್ಲಾಟ್ ಇರುವ ಬಿ660 ಬೋರ್ಡ್ ಬಜೆಟ್‌ಗೆ ಸಿಕ್ಕರೆ ಅದು, 8ರ ಎರಡು ಕಡ್ಡಿ. ಸಿಗದಿದ್ದರೆ ನಾನಾಗಿದ್ದರೆ 16ರ ಒಂದೇ ಕಡ್ಡಿ ಹಾಕಿ, ನಾಲ್ಕೈದು ಮದುವೆ ಆದಮೇಲೆ ಇನ್ನೊಂದು ಸೇರಿಸುತ್ತಿದ್ದೆ. ಬೋರ್ಡ್ ಡಿಡಿಆರ್4 (ರ‍್ಯಾಮ್‌ನ ಒಂದು ತಲೆಮಾರು) ಆಗಿರಲಿ, ಅದಕ್ಕೆ ಡಿಡಿಆರ್5 ಕಡ್ಡಿ ಕೂರುವುದೇ ಇಲ್ಲ, ಬಿಲ್ ಹಾಕಿಸುವ ಮುಂಚೆ ಎರಡೂ ಒಂದೇನಾ ನೋಡಿ. ರ‍್ಯಾಮ್ ಬೆಲೆ 2025ರ ಕೊನೆಯಲ್ಲಿ ವಿಪರೀತ ಏರಿತು, ಆದ್ದರಿಂದ ಹಳೆ ವಿಡಿಯೋಗಳಲ್ಲಿ ಹೇಳುವ 'ಇಷ್ಟರಲ್ಲಿ ಆಗುತ್ತೆ' ಅನ್ನುವ ಲೆಕ್ಕ ನಂಬಿಕೊಂಡು ಅಂಗಡಿಗೆ ಹೋಗಬೇಡಿ. ನಾನೂ ಒಂದೊಂದರ ಬೆಲೆ ಬರೆಯುವುದಿಲ್ಲ, ಈ ಸಂಚಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಬದಲಾಗಿರುತ್ತೆ. ಕೊಟೇಶನ್‌ನಲ್ಲಿ 18% ಜಿಎಸ್‌ಟಿ ಸೇರಿದೆಯಾ ಅಂತ ಮಾತ್ರ ಕೇಳಿಕೊಳ್ಳಿ.

256 ಜಿಬಿ ಎಸ್‌ಎಸ್‌ಡಿ ಸಾಲುವುದಿಲ್ಲ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಚಿತ್ರಿಸಿದರೆ ಒಂದು ಗಂಟೆಗೆ 45 ಜಿಬಿ ಆಗುತ್ತೆ, ಅರಿಶಿನದಿಂದ ಹಿಡಿದು ಆರತಕ್ಷತೆವರೆಗೆ ಎಷ್ಟು ಗಂಟೆ ಅಂತ ನಿಮಗೇ ಗೊತ್ತು. 1 ಟಿಬಿಯ ಎಂ.2 ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸಿ. ಅತಿ ವೇಗದ್ದು ಬೇಕಿಲ್ಲ, ಅದೇ 100 ಮೆಗಾಬಿಟ್ ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್ ಅಷ್ಟೇ, ಮಾಮೂಲಿ ಎಸ್‌ಎಸ್‌ಡಿಯೂ ಅದರ ಎಷ್ಟೋ ಪಟ್ಟು ಓದುತ್ತೆ. ಮುಗಿದ ಕೆಲಸ ಹಾಕಿಡಲು ಒಂದು ಹಾರ್ಡ್ ಡಿಸ್ಕ್ ಬೇಕು, ಆದರೆ ಬೇರೆಯವರ ಮದುವೆ ಅದು, ಗಿರಾಕಿಗೆ ಒಪ್ಪಿಸುವವರೆಗೆ ಎರಡು ಕಡೆ ಇಡಿ.

ಇನ್ನು ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದನ್ನು ದಯವಿಟ್ಟು ಹಾಕಿಸಬೇಡಿ. ನನ್ನ ಮೊದಲ ಸಿಸ್ಟಮ್‌ಗೆ ಅಂಥದ್ದೇ ಹಾಕಿದ್ದೆ, ಒಂದು ಸಂಜೆ ಕರೆಂಟ್ ಹೋಗಿ ಬಂದಾಗ ಅದು ಸುಟ್ಟು ಜೊತೆಗೆ ಮದರ್‌ಬೋರ್ಡನ್ನೂ ತಗೊಂಡು ಹೋಯಿತು, ಆ ವರ್ಷದ ಅಷ್ಟೂ ಉಳಿತಾಯ ಹೋಯಿತು, ಆ ಸಂಕಟ ಇವತ್ತಿಗೂ ಮರೆತಿಲ್ಲ. 80 ಪ್ಲಸ್ ಬ್ರಾಂಝ್ (ಕರೆಂಟ್ ಕಡಿಮೆ ಪೋಲು ಮಾಡುತ್ತೆ ಅನ್ನುವ) ಗುರುತು ಇರುವ, ಹೆಸರಾಂತ ಕಂಪನಿಯ 550 ವ್ಯಾಟ್‌ನದು ಪ್ರತ್ಯೇಕವಾಗಿ ಕೊಳ್ಳಿ, ಮುಂದೆ ಕಾರ್ಡ್ ಹಾಕಿದರೂ ಅದೇ ನಡೆಯುತ್ತೆ. ದುಡ್ಡು ಉಳಿಸಬೇಕು ಅಂದರೆ ಲೈಟ್‌ನಲ್ಲಿ ಉಳಿಸಿ. ಮುಂಭಾಗ ಪೂರ್ತಿ ಗ್ಲಾಸ್ ಇರುವ ಕ್ಯಾಬಿನೆಟ್‌ಗೆ ಗಾಳಿ ಹೋಗುವ ದಾರಿ ಕಡಿಮೆ, ಏಪ್ರಿಲ್‌ನಲ್ಲಿ ನಮ್ಮೂರಿನ ರೂಮುಗಳು ಹೇಗೆ ಕಾಯುತ್ತವೆ ಅಂತ ಹೇಳಬೇಕಾ? ಮುಂದೆ ಜಾಲರಿ, ತೆಗೆದು ತೊಳೆಯಲು ಬರುವ ಫಿಲ್ಟರ್ ಇರುವುದನ್ನು ನೋಡಿ. ಮಂಡಕ್ಕಿ ಭಟ್ಟಿಗಳ ಕಡೆ ರೂಮಿದ್ದರೆ ಫಿಲ್ಟರ್ ಇನ್ನೂ ಮುಖ್ಯ, ಆ ಮಸಿ ಫ್ಯಾನಿನ ರೆಕ್ಕೆಗೆ ಜಿಡ್ಡಿನ ಹಾಗೆ ಅಂಟಿಕೊಳ್ಳುತ್ತೆ, ಹದಿನೈದು ದಿನಕ್ಕೊಮ್ಮೆ ತೊಳೆಯಿರಿ.

ಮಾನಿಟರ್ 24 ಇಂಚು ಸಾಕು, ಆದರೆ ಐಪಿಎಸ್ ಪ್ಯಾನೆಲ್ ಆಗಿರಲಿ, ಇಲ್ಲದಿದ್ದರೆ ಸ್ವಲ್ಪ ಪಕ್ಕಕ್ಕೆ ಕೂತರೂ ಮದುಮಗಳ ಸೀರೆಯ ಬಣ್ಣ ಬೇರೆ ಕಾಣುತ್ತೆ. 600 ವಿಎ ಯುಪಿಎಸ್ ಒಂದು ಬೇಕೇ ಬೇಕು. ಅದು ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತೆ, ಈ ಸಿಸ್ಟಮ್‌ಗೆ ಸಾಕು. ಕರೆಂಟ್ ಹೋದಾಗ ಸೇವ್ ಮಾಡಿ ಬಂದ್ ಮಾಡುವುದಕ್ಕೆ ಅದು, ಎಕ್ಸ್‌ಪೋರ್ಟ್ (ಮುಗಿದ ವಿಡಿಯೋವನ್ನು ಫೈಲ್ ಮಾಡಿ ಹೊರತೆಗೆಯುವುದು) ಮುಂದುವರಿಸುವುದಕ್ಕಲ್ಲ. ಒಟ್ಟು 50 ಸಾವಿರ ದಾಟಿದರೆ ಮೊದಲು ಮಾನಿಟರ್ ಮುಂದಕ್ಕೆ ಹಾಕಿ, ಮನೆಯಲ್ಲಿ ಎಚ್‌ಡಿಎಂಐ ಇರುವ ಟಿವಿ ಇದ್ದರೆ ಕೆಲವು ತಿಂಗಳು ಅದರಲ್ಲೇ ಕೆಲಸ ಮಾಡಿ. ಎಸ್‌ಎಂಪಿಎಸ್ ಮತ್ತು ಯುಪಿಎಸ್ ಮಾತ್ರ ಬಿಡಬೇಡಿ.

ಎಲ್ಲಿ ಕೊಳ್ಳುವುದು? ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕಡಿಮೆಗೆ ಸಿಗುತ್ತೆ ಅಂತ ಎಲ್ಲರೂ ಹೇಳುತ್ತಾರೆ, ಸಿಗುವುದೂ ಉಂಟು. ಆದರೆ ಬೋರ್ಡ್ ಮೂರನೇ ತಿಂಗಳು ಕೈಕೊಟ್ಟರೆ ಸುಮಾರು 260 ಕಿಲೋಮೀಟರ್ ಮತ್ತೆ ಹೋಗಬೇಕು. ಒಟ್ಟಾರೆ ಒಂದೂವರೆ, ಎರಡು ಸಾವಿರದ ವ್ಯತ್ಯಾಸ ಆದರೆ ನಾನು ದಾವಣಗೆರೆಯಲ್ಲೇ ಕೊಳ್ಳುತ್ತೇನೆ. ಈ ಪಟ್ಟಿಯನ್ನೇ ಬರೆದುಕೊಂಡು ಮೂರು ಅಂಗಡಿಗೆ ಹೋಗಿ, ಆನ್‌ಲೈನ್ ಬೆಲೆ ತೋರಿಸಿ ಮಾತಾಡಿ. ಪ್ರತಿ ಭಾಗದ ಸೀರಿಯಲ್ ನಂಬರ್ ಇರುವ ಪಕ್ಕಾ ಬಿಲ್ ತಗೊಳ್ಳಿ, ಡಬ್ಬಗಳನ್ನು ಎಸೆಯಬೇಡಿ. ಮತ್ತು ಜೋಡಿಸುವಾಗ 'ನಾನೇ ಜೋಡಿಸುತ್ತೇನೆ, ನೀವು ಪಕ್ಕದಲ್ಲಿ ಇರಿ' ಅಂತ ಕೇಳಿ ನೋಡಿ, ಒಪ್ಪುವವರು ಇದ್ದಾರೆ. ಕಷ್ಟದ ಜಾಗ ಒಂದೇ: ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಕಡೆ ಕೂದಲಿನಷ್ಟು ಸಣ್ಣ ಪಿನ್‌ಗಳಿವೆ, ಅದಕ್ಕೆ ಬೆರಳು ತಾಗಬಾರದು, ಪ್ರೊಸೆಸರನ್ನು ಮೂಲೆಯ ಗುರುತು ನೋಡಿ ಮೇಲಿನಿಂದ ಸುಮ್ನೆ ಇಡಬೇಕು, ಒತ್ತಬಾರದು.

ಸಾಫ್ಟ್‌ವೇರ್ ಬಗ್ಗೆ ಒಂದು ಮಾತು. ಪ್ರೀಮಿಯರ್‌ಗೆ ತಿಂಗಳ ಬಾಡಿಗೆ ಕಟ್ಟಲು ಆಗದಿದ್ದರೆ ಕ್ರ್ಯಾಕ್ ಹಾಕಬೇಡಿ, ಅದರ ಜೊತೆ ಬರುವ ವೈರಸ್ ಗಿರಾಕಿಗಳ ಫೈಲು ಸಮೇತ ತಿನ್ನಬಹುದು. ಡಾವಿಂಚಿ ರಿಸಾಲ್ವ್ ಉಚಿತವಾಗಿ ಸಿಗುತ್ತೆ, 4ಕೆ ಯುಎಚ್‌ಡಿ, ಸೆಕೆಂಡಿಗೆ 60 ಫ್ರೇಮ್‌ವರೆಗೆ ಕೊಡುತ್ತೆ. ಆದರೆ ನಾನು ಮೇಲೆ ಹೇಳಿದ ಆ ಚಿಪ್‌ನ ಸಹಾಯ ಪೂರ್ತಿಯಾಗಿ ಸಿಗುವುದು ಅದರ ದುಡ್ಡಿನ ಆವೃತ್ತಿಯಲ್ಲಿ. ಹಾಗಾಗಿ ಉಚಿತದ್ದರಲ್ಲಿ ಪ್ರಾಕ್ಸಿ ಮಾಡಿಕೊಳ್ಳಿ, ಅಂದರೆ ಎಡಿಟ್ ಮಾಡಲು ಹಗುರವಾದ ಚಿಕ್ಕ ನಕಲು, ಕೊನೆಗೆ ಎಕ್ಸ್‌ಪೋರ್ಟ್ ಆಗುವುದು ಮೂಲ ಫೈಲಿನಿಂದಲೇ. ಗೆಳೆಯನ ಲ್ಯಾಪ್‌ಟಾಪ್‌ನಲ್ಲೂ ಇವತ್ತೇ ಇದನ್ನು ಮಾಡಿ ನೋಡಿ, ಪ್ರೀಮಿಯರ್‌ನಲ್ಲೂ ಇದೆ. ಹೊಸ ಸಿಸ್ಟಮ್ ಬರುವವರೆಗೆ ಕೆಲಸ ನಿಲ್ಲುವುದಿಲ್ಲ.

ಪ್ರಶ್ನೆ: ಚಿತ್ರದುರ್ಗದಲ್ಲಿ ಹಳೆ ಮನೆಯ ಮೇಲಿನ ರೂಮಿನಲ್ಲಿದ್ದೇನೆ. ಹೊಸ ಡೆಸ್ಕ್‌ಟಾಪ್‌ನ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ. ಎಸ್‌ಎಂಪಿಎಸ್ ಕೆಟ್ಟಿದೆಯಾ?

ಉತ್ತರ: ಬಹುಮಟ್ಟಿಗೆ ಎಸ್‌ಎಂಪಿಎಸ್ ಸರಿಯಾಗಿಯೇ ಇದೆ, ಗೋಡೆಯ ಪ್ಲಗ್‌ನಲ್ಲಿ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಚೂರು ಕರೆಂಟ್ ಕ್ಯಾಬಿನೆಟ್‌ಗೆ ಬರುತ್ತೆ, ಅದು ಅರ್ಥ್ ತಂತಿ ಮೂಲಕ ನೆಲಕ್ಕೆ ಹೋಗಬೇಕು. ದಾರಿ ಇಲ್ಲದಾಗ ನಿಮ್ಮ ಕೈ ಮೂಲಕ ಹೋಗುತ್ತೆ. ಈ ಜುಮ್ ಸಣ್ಣದು, ಆದರೆ ಅರ್ಥ್ ಇಲ್ಲದಿರುವುದು ಸಣ್ಣ ವಿಷಯವಲ್ಲ, ಒಳಗೆ ನಿಜವಾಗಿ ಏನಾದರೂ ಕೆಟ್ಟರೆ ನಿಮ್ಮನ್ನು ಕಾಪಾಡಲು ಏನೂ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಫೇಸ್ ಮತ್ತು ಅರ್ಥ್ ಮಧ್ಯೆ ಅಳೆಸಿ, ಸುಮಾರು 230 ವೋಲ್ಟ್ ತೋರಿಸಬೇಕು. ಅರ್ಥ್ ತಂತಿಯನ್ನು ನ್ಯೂಟ್ರಲ್‌ಗೆ ಸೇರಿಸಿಬಿಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ನ್ಯೂಟ್ರಲ್ ಕಿತ್ತ ದಿನ ಇಡೀ ಕ್ಯಾಬಿನೆಟ್‌ಗೆ ಕರೆಂಟ್ ಬರುತ್ತೆ. ಮನೆಗೆ ಅರ್ಥ್ ಗುಂಡಿ ಇದ್ದೂ ಹೀಗಾಗುತ್ತಿದ್ದರೆ ಅದು ಒಣಗಿರಬಹುದು, ದುರ್ಗದ ಬಿಸಿಲಿಗೆ ನೆಲ ಬೇಗ ಒಣಗುತ್ತೆ, ಬೇಸಿಗೆಯಲ್ಲಿ ಆಗಾಗ ನೀರು ಹಾಕಲು ಮಾಲೀಕರಿಗೆ ಹೇಳಿ. ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದರೆ ಮೊದಲು ಅದನ್ನು ಕಿತ್ತುಹಾಕಿ.

ಪ್ರಶ್ನೆ: ಪ್ರೀಮಿಯರ್‌ನಲ್ಲಿ ಕನ್ನಡ ಟೈಟಲ್ ಬರೆದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬರುತ್ತೆ. ಇದಕ್ಕೂ ರ‍್ಯಾಮ್ ಹೆಚ್ಚಿಸಬೇಕಾ? (ಚಳ್ಳಕೆರೆ)

ಉತ್ತರ: ಬೇಡ, ಒಂದು ಪೈಸೆ ಖರ್ಚಿಲ್ಲ. ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್ ಭಾಗಕ್ಕೆ ಹೋಗಿ, ಟೆಕ್ಸ್ಟ್ ಎಂಜಿನ್ ಅನ್ನುವ ಕಡೆ 'ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್' ಆರಿಸಿ, ಹೊಸದಾಗಿ ಟೈಟಲ್ ಬರೆಯಿರಿ. ಫಾಂಟ್ ಯುನಿಕೋಡ್ ಆಗಿರಬೇಕು, ನೋಟೋ ಸಾನ್ಸ್ ಕನ್ನಡದಂಥದ್ದು. ಬೇರೆ ಸಾಫ್ಟ್‌ವೇರ್‌ನಲ್ಲಿ ಹೀಗೆ ಒಡೆದು, ಅಲ್ಲಿ ಇಂಥ ಆಯ್ಕೆಯೂ ಸಿಗದಿದ್ದರೆ ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಹೆಸರು ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ಟೈಮ್‌ಲೈನ್ ಮೇಲೆ ಇಡಿ. ಆಮಂತ್ರಣ ಪತ್ರಿಕೆಯಲ್ಲಿ ಇದ್ದ ಹಾಗೇ ಹೆಸರು ಬಂದಿದೆಯಾ ಅಂತ ಎಕ್ಸ್‌ಪೋರ್ಟ್ ಮಾಡುವ ಮುಂಚೆ ಒಮ್ಮೆ ಓದಿ.