ಜ್ಯಾಂಗೊದಲ್ಲಿ ಸಿಎಸ್‌ಎಸ್, ಜೆಎಸ್ ಯಾಕೆ ಚಿಕ್ಕದಾಗುತ್ತಿಲ್ಲ?

ಜ್ಯಾಂಗೊ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್) ಸೈಟಿಗೆ ಸಿಎಸ್‌ಎಸ್, ಜೆಎಸ್ ಫೈಲುಗಳನ್ನು ಚಿಕ್ಕದು ಮಾಡುವ ಜ್ಯಾಂಗೊ ಕಂಪ್ರೆಸರ್ ಹಾಕಿದರೂ ಲ್ಯಾಪ್‌ಟಾಪ್‌ನಲ್ಲಿ ಫೈಲುಗಳು ಇದ್ದ ಹಾಗೇ ಬರುತ್ತಿವೆ ಅಂತ ಕೇಳಿದ್ದೀರಿ. ಅದು ತಪ್ಪಲ್ಲ. ಡೀಬಗ್ (ತಪ್ಪು ಹುಡುಕಲು ಇರುವ ಸೆಟ್ಟಿಂಗ್) ಆನ್ ಇದ್ದರೆ ಕಂಪ್ರೆಸರ್ ಸುಮ್ನೆ ಕೂರುತ್ತದೆ. ಆಫ್ ಮಾಡಿ ನೋಡಿ: ಟೆಂಪ್ಲೇಟ್‌ನಲ್ಲಿ (ಪೇಜಿನ ಅಚ್ಚು) ಕಂಪ್ರೆಸ್ ಟ್ಯಾಗ್ ನಡುವಿನ ಫೈಲುಗಳನ್ನು ಸೇರಿಸಿ, ಖಾಲಿ ಜಾಗ, ಕಾಮೆಂಟು ತೆಗೆದು, ಹೆಸರಿಗೆ ಹ್ಯಾಶ್ (ಒಳಗಿನದರಿಂದ ಲೆಕ್ಕ ಹಾಕಿದ ಅಕ್ಷರಗಳ ಗುರುತು) ಅಂಟಿಸುತ್ತದೆ. ಒಳಗಿನದು ಬದಲಾದರೆ ಹ್ಯಾಶೂ ಬದಲು, ಹಾಗಾಗಿ ಬ್ರೌಸರ್ ಹಳೇ ಫೈಲನ್ನೇ ತೋರಿಸುತ್ತಾ ಕೂರುವುದಿಲ್ಲ. ಎಸ್‌ಸಿಎಸ್‌ಎಸ್ (ಸ್ಯಾಸ್ ಭಾಷೆಯ ಫೈಲು) ಇದ್ದರೆ, ಅದನ್ನು ಸಿಎಸ್‌ಎಸ್ ಮಾಡಲು ಪ್ರೀಕಂಪೈಲರ್ ಸೆಟ್ಟಿಂಗ್‌ನಲ್ಲಿ ಸ್ಯಾಸ್ ಕಮಾಂಡ್ ಬರೆಯಬೇಕು. ಅದು ಡೀಬಗ್‌ನಲ್ಲೂ ಓಡುತ್ತದೆ.

ಕೋಲಾರದ ಟೊಮೇಟೊ ಮಂಡಿ ರೇಟು ತೋರಿಸುವ ಸಣ್ಣ ಸೈಟ್ ಮಾಡಿದ್ದೆ. ಫೈಲುಗಳನ್ನು ಮೊದಲೇ ಚಿಕ್ಕದು ಮಾಡಿಡುವ ಆಫ್‌ಲೈನ್ ಸೆಟ್ಟಿಂಗ್ ಆನ್ ಮಾಡಿ, ಸರ್ವರ್‌ನಲ್ಲಿ ಕಂಪ್ರೆಸ್ ಕಮಾಂಡ್ ಕೊಡುವುದನ್ನೇ ಮರೆತಿದ್ದೆ. ಹರಾಜಿನ ಹೊತ್ತಿಗೆ ಪೇಜೇ ತೆರೆಯಲಿಲ್ಲ, ಮ್ಯಾನಿಫೆಸ್ಟ್‌ನಲ್ಲಿ (ಚಿಕ್ಕದು ಮಾಡಿದ ಫೈಲುಗಳ ಪಟ್ಟಿ) ಕೀ ಇಲ್ಲ ಅಂತ ಎರರ್! ಮೊದಲು ಕಲೆಕ್ಟ್‌ಸ್ಟಾಟಿಕ್ (ಫೈಲುಗಳನ್ನೆಲ್ಲ ಒಂದೆಡೆ ಸೇರಿಸುವ ಕಮಾಂಡ್), ಆಮೇಲೆ ಕಂಪ್ರೆಸ್. ಟೆಂಪ್ಲೇಟ್ ಮುಟ್ಟಿದಾಗಲೆಲ್ಲ ಎರಡನ್ನೂ ಓಡಿಸಿ.